ಸರ್ಕಾರಿ ಆಸ್ಪತ್ರೆಯ ಸ್ಪೆಷಲ್ ರೂಮ್: ರೂಮಿಗೆ ದುಡ್ಡು ಕೊಡೋಣ, ಸರದಿಗೆ ಯಾಕೆ?

ಹುಬ್ಬಳ್ಳಿ-ಧಾರವಾಡ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ಸ್ಪೆಷಲ್ ರೂಮ್ ತಗೋಬೇಕಾ, ಜನರಲ್ ವಾರ್ಡೇ ಸಾಕಾ, ಇಲ್ಲಾ ಸಾಲ ಮಾಡಿಯಾದರೂ ಖಾಸಗಿ ನರ್ಸಿಂಗ್ ಹೋಮಿಗೆ ಹೋಗಬೇಕಾ ಅಂತ ಮನೆಯಲ್ಲಿ ಮಾತಾಡಿಕೊಳ್ಳುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾವು ಜನರಲ್ ವಾರ್ಡಿನಲ್ಲೂ ಇದ್ದೆವು, ಸ್ಪೆಷಲ್ ರೂಮಿನಲ್ಲೂ ಇದ್ದೆವು. ಆಸ್ಪತ್ರೆ ಒಂದೇ, ಡಾಕ್ಟರು ಅವರೇ, ಆಪರೇಷನ್ ಥಿಯೇಟರ್ ಕೂಡ ಅದೇ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಹೇಳಬಹುದು.

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಆ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡುವ ಸಿಸ್ಟರ್‌ಗೆ ಮೆಮೊ ಹೋಗುತ್ತದೆ, ಉಳಿದದ್ದೆಲ್ಲ ಇದ್ದ ಹಾಗೇ ಇರುತ್ತದೆ. ನನ್ನ ಮಾತು ಯಾರೋ ಒಬ್ಬರ ತಪ್ಪಿನ ಬಗ್ಗೆ ಅಲ್ಲ. ದುಡ್ಡು ಕೊಡುವ ರೋಗಿ ಮತ್ತು ಕೊಡಲಾಗದ ರೋಗಿ ಒಂದೇ ಸರ್ಕಾರಿ ಕಟ್ಟಡದಲ್ಲಿ ಇದ್ದಾಗ ಯಾವುದು ಬೇರೆ ಇರಬಹುದು, ಯಾವುದು ಬೇರೆ ಇರಬಾರದು ಅನ್ನುವುದರ ಬಗ್ಗೆ.

ನಮ್ಮ ಅವ್ವನಿಗೆ ಎಪ್ಪತ್ತು ದಾಟಿದೆ. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಸೊಂಟಕ್ಕೆ ಕೂಡುವ ಜಾಗದಲ್ಲಿ ಮುರಿಯಿತು. 108ಕ್ಕೆ ಫೋನ್ ಮಾಡಿದೆವು. ಆಂಬ್ಯುಲೆನ್ಸ್ ಬೇಗ ಬಂತು, ಬಂದ ಹುಡುಗರು ಅವ್ವನನ್ನು ಎತ್ತಿದ ರೀತಿ ನೋಡಿಯೇ ಅರ್ಧ ಧೈರ್ಯ ಬಂತು. ಕ್ಯಾಶುವಾಲ್ಟಿಯಲ್ಲಿ ಎಕ್ಸ್‌ರೇ ತೆಗೆದು, ಕಾಲಿಗೆ ತೂಕ ಕಟ್ಟಿ, ಜನರಲ್ ವಾರ್ಡಿಗೆ ಕಳಿಸಿದರು. ಅಲ್ಲಿಯವರೆಗೆ ಯಾರೂ ನಮ್ಮ ಜೇಬು ನೋಡಲಿಲ್ಲ. ಚೀಟಿ ಮಾಡಿಸಿಕೊಂಡು ಬನ್ನಿ ಅಂದರು, ಅಷ್ಟೇ. ಇದು ಸರ್ಕಾರಿ ಆಸ್ಪತ್ರೆಯ ದೊಡ್ಡ ಗುಣ. ಖಾಸಗಿಯಲ್ಲಿ ಎಷ್ಟೋ ಕಡೆ ಅಡ್ವಾನ್ಸ್ ಕಟ್ಟುವ ಮಾತು ಎಕ್ಸ್‌ರೇಗಿಂತ ಮೊದಲೇ ಬರುತ್ತದೆ, ಅಲ್ವಾ?

ಈ ಮುರಿತದ ಬಗ್ಗೆ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ವಯಸ್ಸಾದವರ ಸೊಂಟದ ಎಲುಬು ಮುರಿದರೆ ಆಪರೇಷನ್ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಮಲಗಿದಲ್ಲೇ ಮಲಗಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಇಂಗ್ಲೆಂಡಿನ ನೈಸ್ ಸಂಸ್ಥೆಯ ಮಾರ್ಗಸೂಚಿಯಲ್ಲಿ ಇಂಥ ರೋಗಿಗೆ ಆಸ್ಪತ್ರೆ ಸೇರಿದ ದಿನ ಅಥವಾ ಅದರ ಮರುದಿನವೇ ಆಪರೇಷನ್ ಮಾಡಬೇಕು ಅಂತ ಇದೆ. ಅಂದರೆ ಇಲ್ಲಿ ಸರದಿ ಅನ್ನೋದು ಸುಮ್ನೆ ಕಾಯುವ ಬೇಜಾರಿನ ವಿಷಯ ಅಲ್ಲ. ಸರದಿಯೇ ಚಿಕಿತ್ಸೆಯ ಒಂದು ಭಾಗ. ಮುಂದೆ ನಾನು ಹೇಳುವ ಎಲ್ಲದಕ್ಕೂ ಇದೇ ಬುಡ.

ಮೊದಲು ರೂಮಿನ ವಿಷಯ ಮುಗಿಸುತ್ತೇನೆ. ಜನರಲ್ ವಾರ್ಡಿನಲ್ಲಿ ಗದ್ದಲ ಜಾಸ್ತಿ, ರಾತ್ರಿ ದೀಪ ಆರುವುದಿಲ್ಲ, ಅವ್ವನ ಜೊತೆಗಿದ್ದ ಅಕ್ಕನಿಗೆ ಮಲಗಲು ಮಂಚದ ಕೆಳಗಿನ ನೆಲವೇ ಗತಿ. ಸ್ಪೆಷಲ್ ರೂಮ್ ಖಾಲಿ ಆಗಿದೆ ಅಂತ ಗೊತ್ತಾದಾಗ ಬರೆಸಿದೆವು. ಬಾಡಿಗೆ ದಿನಕ್ಕೆ ಕೆಲವು ನೂರು ರೂಪಾಯಿ, ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕೇಳಿದ್ದಕ್ಕೆ ಹೋಲಿಸಿದರೆ ಕಾಲು ಭಾಗವೂ ಅಲ್ಲ. ಕಟ್ಟಿದ ಪ್ರತಿ ಪೈಸೆಗೂ ರಸೀದಿ ಕೊಟ್ಟರು. ರೂಮಿನಲ್ಲಿ ಒಂದು ಮಂಚ, ಜೊತೆಗಿರುವವರಿಗೆ ಇನ್ನೊಂದು ಸಣ್ಣ ಮಂಚ, ಒಂದು ಅಲಮಾರು, ಸರಿಯಾಗಿ ತಿರುಗುವ ಫ್ಯಾನ್, ಅಲ್ಲೇ ಬಾತ್‌ರೂಮ್. ಗೋಡೆಗೆ ಹೊಸ ಬಣ್ಣ ಬೇಕಿತ್ತು, ಕಿಟಕಿಯ ಜಾಲರಿ ಹರಿದಿತ್ತು, ಸೊಳ್ಳೆ ಇತ್ತು. ಮನೆಯಿಂದ ಸೊಳ್ಳೆ ಪರದೆ ತರಿಸಿದೆವು. ಇಷ್ಟು ಬಾಡಿಗೆಗೆ ಇದಕ್ಕಿಂತ ಜಾಸ್ತಿ ಕೇಳಬಾರದು.

ಆದರೆ ಬಾತ್‌ರೂಮಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಸೊಂಟದ ಆಪರೇಷನ್ ಆದವರು ಕುಕ್ಕರಗಾಲಲ್ಲಿ ಕೂರಬಾರದು. ಕೂತರೆ ಸೊಂಟದ ಕೀಲಿಗೆ ಹಾಕಿದ ಕೃತಕ ಗುಂಡು ಜಾರುವ ಅಪಾಯ ಇರುತ್ತದೆ. ಅವರಿಗೆ ಕುರ್ಚಿಯಂತೆ ಕೂರುವ ಕಮೋಡ್ ಬೇಕೇ ಬೇಕು. ನಾವಿದ್ದ ಆಸ್ಪತ್ರೆಯಲ್ಲಿ ಆ ಕಮೋಡ್ ಇದ್ದದ್ದು ಸ್ಪೆಷಲ್ ರೂಮುಗಳಲ್ಲಿ ಮಾತ್ರ. ಎಲುಬಿನ ರೋಗಿಗಳೇ ತುಂಬಿದ ಜನರಲ್ ವಾರ್ಡಿನಲ್ಲಿ ಎಲ್ಲವೂ ಕುಕ್ಕರಗಾಲಿನವು! ಇದನ್ನು ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ. ಫ್ಯಾನು, ಅಲಮಾರು, ಬಾಗಿಲಿಗೆ ಚಿಲಕ ಇವೆಲ್ಲ ಸೌಕರ್ಯ, ದುಡ್ಡು ಕೊಟ್ಟವರಿಗೆ ಸಿಗಲಿ. ಕಮೋಡ್ ಸೌಕರ್ಯ ಅಲ್ಲ, ಈ ರೋಗಿಗಳಿಗೆ ಅದು ಔಷಧಿ ಇದ್ದ ಹಾಗೆ. ಪ್ಲಾಸ್ಟಿಕ್ ಕಮೋಡ್ ಕುರ್ಚಿ ಸರ್ಜಿಕಲ್ ಅಂಗಡಿಯಲ್ಲಿ ದೊಡ್ಡ ಬೆಲೆಯೇನೂ ಇಲ್ಲ. ವಾರ್ಡಿಗೆ ನಾಲ್ಕು ಕೊಂಡಿಟ್ಟರೆ ಮುಗಿಯಿತು.

ಇನ್ನು ರೂಮಿನ ಕೊರತೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಿಸ್ಟರ್‌ಗಳು ಕೂರುವ ಜಾಗ ಜನರಲ್ ವಾರ್ಡಿನ ಬಾಗಿಲ ಹತ್ತಿರ. ಸ್ಪೆಷಲ್ ರೂಮುಗಳು ಉದ್ದ ಪಡಸಾಲೆಯ ಆ ಕೊನೆಗೆ. ಬೆಲ್ ಇದೆ, ಒತ್ತಿದರೆ ಸದ್ದಾಗುವುದಿಲ್ಲ. ಸಲೈನ್ ಮುಗಿದರೆ ಅಕ್ಕ ಓಡಬೇಕು. ರಾತ್ರಿ ಇಡೀ ಮಹಡಿಗೆ ಇರುವ ಸಿಸ್ಟರ್‌ಗಳು ಬೆರಳೆಣಿಕೆಯಷ್ಟು, ಅವರು ಜನರಲ್ ವಾರ್ಡ್ ಬಿಟ್ಟು ನಮ್ಮ ರೂಮಿಗೆ ಬಂದು ಕೂರಬೇಕು ಅಂತ ಕೇಳುವುದೂ ನ್ಯಾಯ ಅಲ್ಲ. ಜನರಲ್ ವಾರ್ಡಿನಲ್ಲಿ ಇದ್ದಾಗ ಅವ್ವನಿಗೆ ಸ್ವಲ್ಪ ಉಸಿರು ಏರಿದರೂ ಪಕ್ಕದ ಮಂಚದವರು "ಸಿಸ್ಟರ್, ಇಲ್ನೋಡ್ರಿ, ಯಮ್ಮಗ ಏನೋ ಆಗೇತಿ" ಅಂತ ಕೂಗುತ್ತಿದ್ದರು. ಅಲ್ಲಿ ಹತ್ತಾರು ಕಣ್ಣು ಕಾಯುತ್ತಿರುತ್ತವೆ. ರೂಮಿನಲ್ಲಿ ಇರುವುದು ನಿದ್ದೆಗೆಟ್ಟ ಒಬ್ಬ ಅಕ್ಕ. ಆದ್ದರಿಂದ ನನ್ನ ಅಭಿಪ್ರಾಯ ಇದು: ಆಪರೇಷನ್ ಆದ ಮೊದಲ ಒಂದೆರಡು ರಾತ್ರಿ ಜನರಲ್ ವಾರ್ಡೇ ಸುರಕ್ಷಿತ. ಡಾಕ್ಟರು ಪರವಾಗಿಲ್ಲ ಅಂದ ಮೇಲೆ ರೂಮಿಗೆ ಹೋಗಿ. ಒಬ್ಬರೇ ಇರುವ ವಯಸ್ಸಾದವರನ್ನು ರೂಮಿಗೆ ಹಾಕಲೇಬೇಡಿ.

ಊಟದ ವಿಷಯದಲ್ಲಿ ಹೇಳುವಂಥದ್ದೇನಿಲ್ಲ. ಆಸ್ಪತ್ರೆಯ ಹಾಲು, ಬ್ರೆಡ್, ಅನ್ನ-ಸಾರು ಸರಿ ಇತ್ತು. ಜೊತೆಗಿದ್ದವರೆಲ್ಲ ಊರಿಂದ ರೊಟ್ಟಿ, ಸೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು, ಕೇಳದೇ ನಮಗೂ ಕೊಟ್ಟರು.

ಈಗ ಮುಖ್ಯ ವಿಷಯ. ಜನರಲ್ ವಾರ್ಡಿನಲ್ಲಿ ನಮ್ಮ ಪಕ್ಕದ ಮಂಚದಲ್ಲಿ ಕುಂದಗೋಳ ಕಡೆಯ ಒಬ್ಬ ಅಜ್ಜಿ ಇದ್ದರು. ಅವ್ವನ ಮುರಿತವೇ, ಅದೇ ಜಾಗ, ಹೆಚ್ಚೂಕಡಿಮೆ ಅದೇ ವಯಸ್ಸು. ನಮಗಿಂತ ಮೊದಲೇ ಬಂದು ಸೇರಿದ್ದರು. ಬಿಪಿಎಲ್ ಕಾರ್ಡ್ ಇತ್ತು. ಆಪರೇಷನ್ ಪಟ್ಟಿ ಬಂದಾಗ ಅವ್ವನ ಹೆಸರು ಇತ್ತು, ಅಜ್ಜಿಯ ಹೆಸರು ಇರಲಿಲ್ಲ. ಅಷ್ಟೊತ್ತಿಗೆ ನಾವು ರೂಮ್ ಬರೆಸಿಯಾಗಿತ್ತು. ಅಜ್ಜಿಯ ಸೊಸೆ ನಮ್ಮ ಅಕ್ಕನ ಮುಖ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ರೊಕ್ಕ ಇದ್ದವ್ರದ್ದು ಮೊದ್ಲ ಆಕ್ಕೈತೇನ್ರಿ ಅಕ್ಕಾರ?"

ಅಕ್ಕನ ಹತ್ತಿರ ಉತ್ತರ ಇರಲಿಲ್ಲ. ನಾನು ಹೋಗಿ ಡ್ಯೂಟಿ ಡಾಕ್ಟರನ್ನು ಕೇಳಿದೆ. ಅವರು ಸಿಟ್ಟಾಗಲಿಲ್ಲ, ಕೂರಿಸಿ ಹೇಳಿದರು. "ನೋಡ್ರಿ, ರೂಮಿಗೂ ಇದಕ್ಕೂ ಸಂಬಂಧ ಇಲ್ಲ. ಅಜ್ಜಿಯದ್ದು ಸ್ಕೀಮಿನ ಕೇಸು, ಅಪ್ರೂವಲ್ ಬರಬೇಕು, ಇಂಪ್ಲಾಂಟ್ ಬರಬೇಕು. ನೀವು ಇಂಪ್ಲಾಂಟಿಗೆ ದುಡ್ಡು ಕಟ್ಟಿದಿರಿ, ಬಂತು, ಫಿಟ್‌ನೆಸ್ ಆಯ್ತು, ಲಿಸ್ಟಿಗೆ ಹಾಕಿದೆವು." ಇಂಪ್ಲಾಂಟ್ ಅಂದರೆ ಮುರಿದ ಜಾಗಕ್ಕೆ ಒಳಗೆ ಹಾಕುವ ಕೃತಕ ಭಾಗ. ಅವರು ಹೇಳಿದ್ದು ನಿಜ. ಯಾರೂ ಬೇಕಂತಲೇ ಅಜ್ಜಿಯನ್ನು ಹಿಂದೆ ತಳ್ಳಿರಲಿಲ್ಲ. ಆದರೆ ಆದದ್ದು ಮಾತ್ರ ಸೊಸೆ ಕೇಳಿದ್ದೇ. ರೊಕ್ಕ ಇದ್ದವರದ್ದು ಮೊದಲು ಆಯಿತು. ಅಜ್ಜಿಗೂ ಕೊನೆಗೆ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಅಷ್ಟರಲ್ಲಿ ಬೆನ್ನ ಕೆಳಗೆ ಹುಣ್ಣು ಶುರುವಾಗಿತ್ತು.

ಇದರಲ್ಲಿ ನನಗೆ ತುಂಬಾ ಕಾಡಿದ ಸಂಗತಿ ಇನ್ನೊಂದು. ಅಜ್ಜಿ "ಫ್ರೀ ಪೇಷಂಟ್" ಅಂತ ಎಲ್ಲರೂ ಅನ್ನುತ್ತಿದ್ದರು. ಆದರೆ ಲೆಕ್ಕ ನೋಡಿ. ಆರೋಗ್ಯ ಕರ್ನಾಟಕ ಯೋಜನೆ 2018ರ ಮಾರ್ಚ್‌ನಲ್ಲಿ ಶುರುವಾಯಿತು, ಅದೇ ವರ್ಷ ಆಯುಷ್ಮಾನ್ ಭಾರತ್ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಶೇಕಡಾ ಮಾತ್ರ ಸರ್ಕಾರದ್ದು, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಯೋಜನೆಯ ಹಣ ನೋಡಿಕೊಳ್ಳುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಸರ್ಕಾರಿ ಆಸ್ಪತ್ರೆ ಈ ಯೋಜನೆಯಡಿ ಆಪರೇಷನ್ ಮಾಡಿದರೆ ಆ ಪ್ಯಾಕೇಜಿನ ಹಣ ಆಸ್ಪತ್ರೆಯ ಖಾತೆಗೇ ಬರುತ್ತದೆ. ಅಂದರೆ ಅಜ್ಜಿಯ ಪರವಾಗಿಯೂ ಆಸ್ಪತ್ರೆಗೆ ದುಡ್ಡು ಬಂದೇ ಬರುತ್ತದೆ, ನಮ್ಮದು ಇವತ್ತು ಬಂತು, ಅಜ್ಜಿಯದ್ದು ಸ್ವಲ್ಪ ತಡವಾಗಿ ಬರುತ್ತದೆ, ವ್ಯತ್ಯಾಸ ಇಷ್ಟೇ. ರೋಗಿಗೆ ಉಚಿತವಾಗಿರುವ ಆ ಹಾಸಿಗೆಯಿಂದಲೂ ಆಸ್ಪತ್ರೆಗೆ ಆದಾಯ ಇದೆ. ಹಾಗಿರುವಾಗ ಅಪ್ರೂವಲ್ ಕಾಯುತ್ತಾ ಎಲುಬು ಮುರಿದ ಮನುಷ್ಯರನ್ನು ಮಲಗಿಸುವ ಬದಲು, ಸಾಮಾನ್ಯವಾಗಿ ಬೇಕಾಗುವ ಇಂಪ್ಲಾಂಟುಗಳನ್ನು ಆಸ್ಪತ್ರೆಯೇ ಮೊದಲೇ ಸ್ಟೋರಿನಲ್ಲಿ ಇಟ್ಟುಕೊಂಡು, ಆಪರೇಷನ್ ಮಾಡಿ, ಆಮೇಲೆ ಟ್ರಸ್ಟಿನಿಂದ ವಸೂಲು ಮಾಡಿಕೊಳ್ಳಲು ಯಾಕಾಗುವುದಿಲ್ಲ? ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಡಾ. ಸಿ.ಎನ್. ಮಂಜುನಾಥ್ ನಿರ್ದೇಶಕರಾಗಿದ್ದಾಗ ಮೊದಲು ಚಿಕಿತ್ಸೆ, ಆಮೇಲೆ ಹಣ ಅನ್ನುವ ನಿಯಮ ಮಾಡಿ ನಡೆಸಿ ತೋರಿಸಿದರು. ಅದೂ ಸರ್ಕಾರಿ ಸಂಸ್ಥೆಯೇ. ಅಲ್ಲೂ ಜನರಲ್ ವಾರ್ಡ್ ಇದೆ, ದುಡ್ಡು ಕೊಟ್ಟು ಇರುವ ವಾರ್ಡೂ ಇದೆ.

ಸ್ಪೆಷಲ್ ರೂಮ್ ಇರಲೇಬಾರದು ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮಂಥ ಮಧ್ಯಮ ವರ್ಗದವರು ಪೂರ್ತಿಯಾಗಿ ಖಾಸಗಿಗೆ ಹೋಗಿಬಿಟ್ಟರೆ ಸರ್ಕಾರಿ ಆಸ್ಪತ್ರೆಯ ಬೆಲ್ ಕೆಟ್ಟಿದೆ, ಕಮೋಡ್ ಇಲ್ಲ ಅಂತ ಕೇಳುವವರೇ ಇರುವುದಿಲ್ಲ. ಬಡವರು ಕೇಳಿದರೆ "ಫ್ರೀ ಸಿಗ್ತದ, ಸುಮ್ನಿರ್ರಿ" ಅನ್ನುವ ಉತ್ತರ ಬರುತ್ತದೆ, ನಾನೇ ಕಿವಿಯಾರೆ ಕೇಳಿದ್ದೇನೆ. ರೂಮಿನ ಬಾಡಿಗೆ ಆಸ್ಪತ್ರೆಗೇ ಬಂದು, ಅದರಿಂದ ವಾರ್ಡಿನ ಹಾಸಿಗೆ-ಹೊದಿಕೆ ಸರಿಯಾದರೆ ಎಲ್ಲರಿಗೂ ಒಳ್ಳೆಯದು. ಹುಬ್ಬಳ್ಳಿಯಿಂದ ಹೊರಡುವ ರೈಲಿಗೆ ಏಸಿ ಬೋಗಿಯೂ ಇರುತ್ತದೆ, ಜನರಲ್ ಬೋಗಿಯೂ ಇರುತ್ತದೆ, ಎಂಜಿನ್ ಒಂದೇ, ಎರಡೂ ಒಂದೇ ಹೊತ್ತಿಗೆ ಬೆಂಗಳೂರು ಮುಟ್ಟುತ್ತವೆ. ಆಸ್ಪತ್ರೆಯ ರೂಮಿಗೂ ಇದೇ ನಿಯಮ ಸಾಕು. ಹಾಸಿಗೆ ಬೇರೆ ಇರಲಿ, ಡಾಕ್ಟರ ಕೈ ಮತ್ತು ಥಿಯೇಟರಿನ ಬಾಗಿಲು ಮಾತ್ರ ರೋಗ ಎಷ್ಟು ತುರ್ತು ಅನ್ನುವುದನ್ನು ನೋಡಿಯೇ ತೆರೆಯಲಿ.

ಸಂಜೆಯ ಕ್ಲಿನಿಕ್ಕಿನ ವಿಷಯವೂ ಇದಕ್ಕೇ ಸೇರಿದ್ದು. ಬೆಳಗ್ಗೆ ಸರ್ಕಾರಿ ಆಸ್ಪತ್ರೆ, ಸಂಜೆ ಸ್ವಂತ ಕ್ಲಿನಿಕ್ ಅಂತ ಇರುವ ಡಾಕ್ಟರುಗಳು ನಮ್ಮ ಭಾಗದ ಪ್ರತಿ ಊರಿನಲ್ಲೂ ಇದ್ದಾರೆ. ಅವರಲ್ಲಿ ತುಂಬಾ ಒಳ್ಳೆಯವರಿದ್ದಾರೆ, ಹಳ್ಳಿಯವರಿಗೆ ಫೀಸು ಬಿಟ್ಟು ಕಳಿಸುವವರೂ ಇದ್ದಾರೆ. ತೊಂದರೆ ಶುರುವಾಗುವುದು ಕ್ಲಿನಿಕ್ಕಿನಲ್ಲಿ ತೋರಿಸಿದವರು ಮರುದಿನ ಬೆಳಗ್ಗೆ ಆಸ್ಪತ್ರೆಯ ಸಾಲನ್ನು ದಾಟಿ ಒಳಗೆ ಹೋದಾಗ. ನಾವಿದ್ದ ವಾರ್ಡಿನಲ್ಲೇ ಒಬ್ಬರು ನನಗೆ ಬುದ್ಧಿ ಹೇಳಿದರು: "ಒಮ್ಮೆ ಸಂಜಿಮುಂದ ಅವರ ಕ್ಲಿನಿಕ್ಕಿಗೆ ಹೋಗಿ ಬರ್ರಿ, ಎಲ್ಲಾ ಸಸಾರ ಆಕ್ಕೈತಿ." ಡಾಕ್ಟರು ಹಾಗೆ ಹೇಳಿದ್ದಲ್ಲ, ರೋಗಿಗಳೇ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು. ಅದೇ ಹೆಚ್ಚು ಚಿಂತೆಯ ವಿಷಯ. ಜನರ ನಂಬಿಕೆಯೇ ಹಾಗಾಗಿಬಿಟ್ಟರೆ, ಬಡವರು ಕೂಡ ಬಸ್ ಚಾರ್ಜಿಗೆ ಇಟ್ಟ ದುಡ್ಡನ್ನು ಕ್ಲಿನಿಕ್ ಫೀಸಿಗೆ ಕೊಟ್ಟು, ತಮ್ಮದೇ ಆಗಿರುವ ಸರ್ಕಾರಿ ಹಾಸಿಗೆಯನ್ನು ಕೊಂಡುಕೊಳ್ಳಬೇಕಾಗುತ್ತದೆ.

ದೆಹಲಿಯ ಏಮ್ಸ್‌ನಲ್ಲಿ ಡಾಕ್ಟರುಗಳು ಖಾಸಗಿ ಪ್ರಾಕ್ಟೀಸ್ ಮಾಡುವಂತಿಲ್ಲ. ಅದಕ್ಕೆ ಬದಲಾಗಿ ಅವರಿಗೆ ಮೂಲ ವೇತನದ 20 ಶೇಕಡಾ ಭತ್ಯೆ ಸಿಗುತ್ತದೆ. ಅದೇ ಏಮ್ಸ್‌ನಲ್ಲಿ ದುಡ್ಡು ಕೊಟ್ಟು ಇರುವ ಪ್ರೈವೇಟ್ ವಾರ್ಡ್ ಇದೆ. ಅಂದರೆ ರೂಮ್ ಮಾರಬಹುದು, ಡಾಕ್ಟರ ಸಮಯ ಮಾರುವಂತಿಲ್ಲ. ಈ ಗೆರೆ ಸ್ಪಷ್ಟವಾಗಿದೆ.

ಈ ಗೆರೆ ಅಳಿಸಿಹೋದರೆ ಏನಾಗುತ್ತದೆ ಅಂತ ತಿಳಿಯಲು ಐರ್ಲೆಂಡ್ ದೇಶದ ಬಗ್ಗೆ ಓದಿ. ನನಗೆ ಇದು ಆಸ್ಪತ್ರೆಯ ಪಡಸಾಲೆಯಲ್ಲಿ ಕೂತು ಮೊಬೈಲಿನಲ್ಲಿ ಓದುತ್ತಾ ಗೊತ್ತಾದದ್ದು. ಅಲ್ಲಿ ಸರ್ಕಾರಿ ಆಸ್ಪತ್ರೆಯ ದೊಡ್ಡ ಡಾಕ್ಟರುಗಳು ಅದೇ ಆಸ್ಪತ್ರೆಯಲ್ಲಿ ತಮ್ಮ ಖಾಸಗಿ ರೋಗಿಗಳನ್ನೂ ನೋಡಬಹುದಿತ್ತು. 2008ರ ಒಪ್ಪಂದದಲ್ಲಿ ಅನೇಕ ಡಾಕ್ಟರುಗಳಿಗೆ ಮಿತಿ ಹಾಕಿದರು: 80 ಭಾಗ ಸಾರ್ವಜನಿಕ ರೋಗಿಗಳು, 20 ಭಾಗ ಖಾಸಗಿ. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಖಾಸಗಿ ರೋಗಿಯ ವಿಮೆ ಹಣ ಆಸ್ಪತ್ರೆಯ ಬಜೆಟ್ಟಿಗೇ ಬೇಕಾಗುತ್ತಿತ್ತು, ಡಾಕ್ಟರಿಗೂ ಫೀಸು ಸಿಗುತ್ತಿತ್ತು, ಹೀಗಾಗಿ ಇಬ್ಬರಿಗೂ ಆ ಅಭ್ಯಾಸ ಬಿಡಿಸಿಕೊಳ್ಳುವುದು ಕಷ್ಟವಾಯಿತು. ಸಾಮಾನ್ಯ ಜನ ತಿಂಗಳುಗಟ್ಟಲೆ ಸಾಲಿನಲ್ಲಿ, ವಿಮೆ ಇದ್ದವರು ಡಾಕ್ಟರ ಖಾಸಗಿ ರೂಮಿನ ಮೂಲಕ ಬೇಗ ಒಳಗೆ. 2017ರಲ್ಲಿ ಅಲ್ಲಿನ ಎಲ್ಲ ಪಕ್ಷಗಳ ಸಮಿತಿ ಸ್ಲಾಂಟೆಕೇರ್ ಅನ್ನುವ ಸುಧಾರಣೆಯ ವರದಿ ಕೊಟ್ಟಿತು. ಡಾ. ಡೊನಾಲ್ ಡಿ ಬುಟ್ಲೇರ್ ಅವರ ತಂಡ 2019ರಲ್ಲಿ, ಸರ್ಕಾರಿ ಆಸ್ಪತ್ರೆಯಿಂದ ಖಾಸಗಿ ಪ್ರಾಕ್ಟೀಸನ್ನು ಹಂತಹಂತವಾಗಿ ಹೊರಗೆ ಹಾಕಿ ಅಂತ ಶಿಫಾರಸು ಮಾಡಿತು. 2023ರ ಮಾರ್ಚ್‌ನಿಂದ ಹೊಸದಾಗಿ ಸೇರುವ ಡಾಕ್ಟರುಗಳಿಗೆ ಸಾರ್ವಜನಿಕ ರೋಗಿಗಳು ಮಾತ್ರ ಅನ್ನುವ ಒಪ್ಪಂದ ಬಂತು, ಸಂಬಳವನ್ನೂ ಏರಿಸಿದರು. ಇಂಗ್ಲೆಂಡಿನದ್ದು ಬೇರೆ ದಾರಿ. 1948ರಲ್ಲಿ ಅವರ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಶುರುವಾದಾಗಲೇ ದುಡ್ಡಿನ ಹಾಸಿಗೆಗಳನ್ನು ಉಳಿಸಿಕೊಂಡರು, 1970ರ ದಶಕದಲ್ಲಿ ಅದರ ಮೇಲೆ ದೊಡ್ಡ ಜಗಳವೇ ಆಯಿತು.

ನಮ್ಮ ಪರಿಸ್ಥಿತಿ ಅವರದ್ದಲ್ಲ. ನಮ್ಮಲ್ಲಿ ವಿಮೆ ಇದ್ದವರು ಸೀದಾ ಖಾಸಗಿ ಆಸ್ಪತ್ರೆಗೇ ಹೋಗುತ್ತಾರೆ, ಸರ್ಕಾರಿಗೆ ಬರುವವರಲ್ಲಿ ನಮ್ಮಂಥ ಅಲ್ಪಸ್ವಲ್ಪ ಇದ್ದವರೂ ಏನೂ ಇಲ್ಲದವರೂ ಜಾಸ್ತಿ. ಅದಕ್ಕೇ ನನಗೆ ಅನ್ನಿಸುವುದು, ಇಲ್ಲಿ ಈಗಲೇ ಸರಿಮಾಡುವುದು ಸುಲಭ. ಅಲ್ಲಿನಷ್ಟು ದೊಡ್ಡ ಖಾಸಗಿ ಆದಾಯಕ್ಕೆ ನಮ್ಮ ಆಸ್ಪತ್ರೆಗಳು ಇನ್ನೂ ಒಗ್ಗಿಲ್ಲ.

ಹಾಗೆ ನೋಡಿದರೆ ನಮ್ಮ ಭಾಗಕ್ಕೆ ಸರ್ಕಾರಿ ಆಸ್ಪತ್ರೆಗಳು ಕಡಿಮೆಯೇನಿಲ್ಲ. 1957ರಲ್ಲಿ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಮೆಡಿಕಲ್ ಕಾಲೇಜು ಶುರುವಾಯಿತು, ಹಳೆಯವರು ಈಗಲೂ ಕೆಎಂಸಿ ಅನ್ನುತ್ತಾರೆ, ನಾವು ಕಿಮ್ಸ್ ಅನ್ನುತ್ತೇವೆ. ಆಗ ರೋಣ, ಮುಂಡರಗಿ, ಹಾನಗಲ್, ಸವಣೂರು ಎಲ್ಲ ಕಡೆಯಿಂದ ಗಾಡಿ ಹುಬ್ಬಳ್ಳಿಗೇ ಬರಬೇಕಿತ್ತು. 2015ರಲ್ಲಿ ಗದಗಕ್ಕೆ, 2022ರಲ್ಲಿ ಹಾವೇರಿಗೆ ಮೆಡಿಕಲ್ ಕಾಲೇಜು ಬಂತು. ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಮನೋರೋಗಕ್ಕೆ ಡಿಮ್ಹಾನ್ಸ್ ಇದೆ. ಹಾಸಿಗೆ ಹೆಚ್ಚುತ್ತಿವೆ. ಹೊಸ ಕಟ್ಟಡ ಕಟ್ಟುವಾಗ ಸ್ಪೆಷಲ್ ವಾರ್ಡಿಗೂ ಜಾಗ ಬಿಡುತ್ತಾರೆ. ಅದರ ನಿಯಮವನ್ನೂ ಆಗಲೇ ಬರೆದಿಡಬೇಕು.

ನನ್ನ ಬೇಡಿಕೆ ತುಂಬಾ ಸಣ್ಣದು. ಆಪರೇಷನ್ ಪಟ್ಟಿಯನ್ನು ವಾರ್ಡಿನ ಹೊರಗೆ ಹಾಕಲಿ. ಹೆಸರು ಬೇಡ, ಕೇಸ್ ನಂಬರ್ ಸಾಕು. ಯಾವ ದಿನ ಸೇರಿದ್ದು, ತುರ್ತು ಎಷ್ಟು, ತಡವಾಗಿದ್ದರೆ ಯಾಕೆ, ರಕ್ತ ಬೇಕಾ, ಅಪ್ರೂವಲ್ ಬಾಕಿಯಾ, ಸಕ್ಕರೆ ಜಾಸ್ತಿ ಇದೆಯಾ, ಇಷ್ಟು ಬರೆಯಲಿ. ಆಗ ಯಾವ ಸೊಸೆಯೂ ಯಾರ ಮುಖವನ್ನೂ ಹಾಗೆ ನೋಡಬೇಕಾಗಿಲ್ಲ, ಡಾಕ್ಟರ ಮೇಲೂ ಸುಳ್ಳು ಅನುಮಾನ ಬರುವುದಿಲ್ಲ. ಖಾಸಗಿ ಆಸ್ಪತ್ರೆಗಳು ದರಪಟ್ಟಿ ಎದ್ದು ಕಾಣುವಂತೆ ಹಾಕಬೇಕು ಅಂತ ಖಾಸಗಿ ಆಸ್ಪತ್ರೆಗಳಿಗೆಂದೇ ಇರುವ ರಾಜ್ಯದ 2007ರ ಕೆಪಿಎಂಇ ಕಾಯ್ದೆಯೇ ಹೇಳುತ್ತದೆ. ಸರ್ಕಾರಿ ಆಸ್ಪತ್ರೆಯ ಸ್ಪೆಷಲ್ ವಾರ್ಡಿನ ಬಾಗಿಲಿಗೂ ಅಂಥದ್ದೊಂದು ಬೋರ್ಡ್ ಬೇಕು: ಬಾಡಿಗೆ ಎಷ್ಟು, ಅದರಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ. ಸಿಗದೇ ಇರುವುದರಲ್ಲಿ ಮೊದಲ ಸಾಲಿಗೆ "ಆಪರೇಷನ್ ಸರದಿ ಬದಲಾಗುವುದಿಲ್ಲ" ಅಂತ ದಪ್ಪ ಅಕ್ಷರದಲ್ಲಿ ಇರಲಿ.

ಈಗ ಹೋಗುವವರಿಗೆ ಕೆಲವು ಮಾತು. ರೂಮ್ ಬರೆಸುವ ಮೊದಲು ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರ ಕೌಂಟರಿಗೆ ಹೋಗಿ, ರೂಮ್ ತಗೊಂಡರೆ ಯೋಜನೆಯ ಲಾಭ ನಿಮಗೆ ಎಷ್ಟು ಉಳಿಯುತ್ತದೆ ಅಂತ ಕೇಳಿ, ಬರೆಸಿಕೊಂಡರೆ ಇನ್ನೂ ಒಳ್ಳೆಯದು. ರೇಷನ್ ಕಾರ್ಡ್ ಮತ್ತು ಆಧಾರ್ ಮೊದಲ ದಿನವೇ ಕೊಡಿ, ಅಪ್ರೂವಲ್ ತಡವಾಗಲು ಎಷ್ಟೋ ಸಲ ಇವೇ ಕಾರಣ. ಕುಂದಗೋಳದ ಅಜ್ಜಿಯ ರೇಷನ್ ಕಾರ್ಡ್ ಊರಿನಲ್ಲೇ ಉಳಿದಿತ್ತು, ಮಗ ಹೋಗಿ ತರುವಷ್ಟರಲ್ಲಿ ಒಂದು ದಿನ ಹೋಯಿತು. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡ್ ಇದೆಯಾ ನೋಡಿ, 2018ರಲ್ಲಿ ನಿಂತಿದ್ದ ಆ ಯೋಜನೆ ಮತ್ತೆ ಶುರುವಾಗಿದೆ. ತುರ್ತು ಇದ್ದರೆ ಯೋಜನೆಗೆ ರೆಫರಲ್ ಚೀಟಿ ಬೇಕಿಲ್ಲ, ಯಾರಾದರೂ ಬೇಕು ಅಂದರೆ ವಿನಯವಾಗಿ ಮತ್ತೊಮ್ಮೆ ಕೇಳಿ. ಹೊರಗಿನ ಮೆಡಿಕಲ್ ಶಾಪಿಗೆ ಚೀಟಿ ಬರೆದರೆ, ಒಳಗಿನ ಔಷಧಿ ಕೌಂಟರಿನಲ್ಲಿ ಇಲ್ಲವಾ ಅಂತ ಒಮ್ಮೆ ವಿಚಾರಿಸಿ. 2025ರಲ್ಲಿ ಸರ್ಕಾರಿ ಆಸ್ಪತ್ರೆಗಳ ಆವರಣದ ಜನೌಷಧಿ ಕೇಂದ್ರ ಮುಚ್ಚಲು ಸರ್ಕಾರ ಆದೇಶ ಮಾಡಿದಾಗ ಕೊಟ್ಟ ಕಾರಣವೇ ಆಸ್ಪತ್ರೆಯೊಳಗೆ ಔಷಧಿ ಉಚಿತ ಅನ್ನುವುದು. ಹಾಗಿದ್ದ ಮೇಲೆ ಕೇಳುವ ಹಕ್ಕು ನಮಗಿದೆ.

ಆಪರೇಷನ್ ಹೇಗಾಯಿತು ಅಂದರೆ, ಪೂರ್ತಿ ಅಂಕ. ಅವ್ವ ಈಗ ವಾಕರ್ ಹಿಡಿದು ಓಣಿಯ ತುದಿಯವರೆಗೆ ಹೋಗಿ ಬರುತ್ತಾಳೆ. ಫಿಸಿಯೋಥೆರಪಿ ಮಾಡಿಸಿದ ಹುಡುಗಿ ಬಂಗಾರದಂಥವಳು, ಜನರಲ್ ವಾರ್ಡಿನವರಿಗೂ ರೂಮಿನವರಿಗೂ ಒಂದೇ ತಾಳ್ಮೆಯಿಂದ "ಇನ್ನೊಂದು ಹೆಜ್ಜಿ ಇಡ್ರಿ ಯಜ್ಜಿ" ಅನ್ನುತ್ತಿದ್ದಳು. ಡಾಕ್ಟರ ಕೆಲಸಕ್ಕೆ ಐದಕ್ಕೆ ಐದು, ರೂಮಿಗೆ ಮೂರು, ರಾತ್ರಿ ಶುಶ್ರೂಷೆಗೆ ಸಿಬ್ಬಂದಿ ಕೊರತೆಯಿಂದಾಗಿ ಎರಡೂವರೆ, ಸರದಿಗೆ ಒಂದು.

ಗದಗ, ಹಾವೇರಿ ಕಡೆ ಇತ್ತೀಚೆಗೆ ಯಾರಾದರೂ ಸ್ಪೆಷಲ್ ರೂಮಿನಲ್ಲಿ ಇದ್ದು ಬಂದಿದ್ದರೆ, ಅಲ್ಲಿ ಆಪರೇಷನ್ ಪಟ್ಟಿ ಹೊರಗೆ ಹಾಕುತ್ತಾರಾ, ಇಂಪ್ಲಾಂಟ್ ಆಸ್ಪತ್ರೆಯ ಸ್ಟೋರಿನಲ್ಲೇ ಇರುತ್ತದಾ, ಜನರಲ್ ವಾರ್ಡಿನಲ್ಲಿ ಕಮೋಡ್ ಇದೆಯಾ ಅಂತ ದಯವಿಟ್ಟು ತಿಳಿಸಿ. ಒಂದು ಕಡೆ ಇದೆ ಅಂತ ಗೊತ್ತಾದರೂ ಸಾಕು, ಅದನ್ನೇ ತೋರಿಸಿ ನಮ್ಮ ಕಡೆಯೂ ಅರ್ಜಿ ಕೊಡಬೇಕು ಅಂತ ಇದ್ದೇವೆ.